ಉಪ್ಪಿಲ್ಲದ ಕಸ

ಮೇಡಂ ಆ ಕಸವನ್ನು ಬಾಯಿಗೆ ಹಾಕಿಕೊಂಡರು.

ಹೌದು, ಕಸವನ್ನೇ. ಹೋಟೆಲು, ಕ್ಯಾಂಟೀನುಗಳ ಅಡುಗೆಮನೆಯಿಂದ ಬಂದ ಹಳೇ ಎಣ್ಣೆ ಟ್ಯಾಂಕಿಗೆ ಇಳಿಯುವ ಮುಂಚೆ ಒಂದು ಉಕ್ಕಿನ ಜರಡಿಯನ್ನು ಹಾಯ್ದು ಬರಬೇಕು. ಆ ಜರಡಿಯಲ್ಲಿ ಉಳಿದ ಕಪ್ಪು ಚೂರುಗಳು ಅವು. ನಾನು ಎರಡು ಪೊಟ್ಟಣ ತಂದು ಬಿಳಿ ತಟ್ಟೆಯ ಮೇಲೆ ಎರಡು ಗುಪ್ಪೆಯಾಗಿ ಸುರಿದಿದ್ದೆ. ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಅಷ್ಟರಲ್ಲಿ ಅವರು ಒಂದು ಚಿಟಿಕೆ ಎತ್ತಿ ನಾಲಿಗೆಯ ಮೇಲಿಟ್ಟೇ ಬಿಟ್ಟರು.

"ಅಯ್ಯೋ ಮೇಡಂ! ಅದು ಯಾವ ಕಾಲದ್ದೋ ಏನೋ!"

"ಸ್ವಲ್ಪ ಸುಮ್ನಿರಿ."

ನಿಧಾನವಾಗಿ ಅಗಿದರು. ಕಿಟಕಿಯಾಚೆ ಉಗುಳಿ, ಬಾಯಿ ಮುಕ್ಕಳಿಸಿ, ಎರಡನೇ ಗುಪ್ಪೆಯಿಂದ ಇನ್ನೊಂದು ಚಿಟಿಕೆ ಎತ್ತಿದರು. ನಾನು ಮುಖ ಆಚೆ ತಿರುಗಿಸಿಕೊಂಡೆ. ದೂರು ಇದ್ದದ್ದು ಮೂರನೇ ಟ್ಯಾಂಕಿನ ಮೇಲೆ. ಒಂದನೇ ಟ್ಯಾಂಕಿನ ಕಸವನ್ನು ಪಕ್ಕದಲ್ಲಿಟ್ಟು ಹೋಲಿಸಲಿಕ್ಕೆ ತರಿಸಿದ್ದರು. ಹೋಲಿಸುವುದು ಅಂದರೆ ಹೀಗೆ ಅಂತ ನನಗೇನು ಗೊತ್ತು.

"ಉಪ್ಪಿಲ್ಲ," ಅಂದರು ಮೇಡಂ.

ಅಷ್ಟು ಹೇಳಿ ತಟ್ಟೆಯನ್ನೇ ನೋಡುತ್ತ ಕೂತರು. ಅವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಯಾರೋ ಬೇಕಾದವರಿಗೆ ಹುಷಾರಿಲ್ಲ ಅಂತ ಸುದ್ದಿ ಬಂದವರ ಹಾಗಿದ್ದರು.

"ಮೂರನೇ ಟ್ಯಾಂಕಿನಲ್ಲಿರೋದು ಅಡುಗೆಮನೆ ಕಂಡ ಎಣ್ಣೆ ಅಲ್ಲ, ಬಂದು ನೋಡಿ" ಅಂತ ಯಾರೋ ಹೆಂಗಸು ನಮ್ಮ ಕಚೇರಿಗೆ ಫೋನ್ ಮಾಡಿ, ಹೆಸರು ಹೇಳದೆ ಇಟ್ಟದ್ದರಿಂದ ನಾವು ಈ ಕಾರ್ಖಾನೆಗೆ ಬಂದಿದ್ದೆವು.

ನಾನು ಯಾರು ಅಂದರೆ, ಕಾಗದದ ಮೇಲೆ ಮೇಡಂ ಗಾಡಿಯ ಚಾಲಕ. ನಿಜವಾಗಿ ನೋಡಿದರೆ ಬಾಟಲಿ ಹೊರುವವನು, ಕೊಡೆ ಹಿಡಿಯುವವನು, ಬೇಡದ ಹೊತ್ತಲ್ಲಿ ಬಾಯಿ ಹಾಕುವವನು. ಮೇಡಂ ಸರ್ಕಾರದ ಇಂಧನ ಕಚೇರಿಯ ತನಿಖಾಧಿಕಾರಿ. ಬೆನ್ನ ಹಿಂದೆ ಎಲ್ಲರೂ ಅವರಿಗೆ 'ತಕ್ಕಡಿ' ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಆದರೆ ನನ್ನ ದನಿಯಲ್ಲಿ ಹೆಮ್ಮೆ ಇರುತ್ತದೆ.

ನಮ್ಮ ಕಚೇರಿಯ ಕಾಯ್ದೆ ಮೊದಮೊದಲು ನನ್ನ ತಲೆಗೆ ಹತ್ತಿರಲಿಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಮೇಡಂ ಬಿಡಿಸಿ ಹೇಳಿದರು. ಗಾಡಿಗೆ ಹಾಕುವ ಇಂಧನ ಯಾವುದೇ ಆಗಲಿ, ಹುಟ್ಟಿದ ನೆಲದಿಂದ ಹಿಡಿದು ಹೊಗೆ ಕೊಳವೆಯ ತುದಿಯವರೆಗೆ ಅದು ಎಷ್ಟು ಇಂಗಾಲವನ್ನು ಗಾಳಿಗೆ ಬಿಟ್ಟಿತು ಅಂತ ಲೆಕ್ಕ ಹಾಕಿ ಒಂದು ಅಂಕ ಕೊಡುತ್ತಾರೆ. ಅಂಕ ಕಮ್ಮಿ ಇದ್ದಷ್ಟೂ ಇಂಧನ ಶುದ್ಧ. ಸರ್ಕಾರ ಒಂದು ಗೆರೆ ಎಳೆದಿದೆ, ಅದು ವರ್ಷ ವರ್ಷ ಕೆಳಗಿಳಿಯುತ್ತದೆ. ಗೆರೆಯ ಮೇಲಿರುವವರು ಕೆಳಗಿರುವವರಿಂದ ಪುಣ್ಯ ಕೊಂಡುಕೊಳ್ಳಬೇಕು. ಪುಣ್ಯ ಅನ್ನುವುದು ನನ್ನ ಮಾತು, ಕಚೇರಿಯವರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ.

ಇದನ್ನೇ ಸುಡು, ಅದನ್ನು ಮುಟ್ಟಬೇಡ ಅಂತ ಈ ಕಾಯ್ದೆ ಯಾರಿಗೂ ಅಪ್ಪಣೆ ಮಾಡುವುದಿಲ್ಲ. ಎಲ್ಲಿಂದ ಬಂದೆ, ಬರುವ ದಾರಿಯಲ್ಲಿ ಏನೇನು ಹಾಳುಮಾಡಿಕೊಂಡು ಬಂದೆ ಅಂತ ಮಾತ್ರ ಕೇಳುತ್ತದೆ. ಇಂಥ ಪ್ರಶ್ನೆ ಕೇಳಬೇಕು ಅಂತ ಮೊದಲು ಹೊಳೆದ ಪುಣ್ಯಾತ್ಮ ಯಾರೋ, ಸಿಕ್ಕಿದರೆ ಕೈ ಮುಗಿಯುತ್ತೇನೆ.

ಕರಿದು ಬಿಸಾಡುವ ಎಣ್ಣೆಯಿಂದ ಮಾಡಿದ ಡೀಸೆಲ್‌ಗೆ ಅಂಕ ತೀರಾ ಕಮ್ಮಿ. ಹೇಗಿದ್ದರೂ ಚರಂಡಿಗೆ ಹೋಗಬೇಕಾದ ಮಾಲು ಅದು. ಹೊಸ ಎಣ್ಣೆಯ ಕತೆಯೇ ಬೇರೆ. ಕಡಿದ ಕಾಡು, ಸುರಿದ ಗೊಬ್ಬರ, ದೂರದ ಹಡಗು, ಎಲ್ಲವೂ ಅದರ ತಲೆಯ ಮೇಲೆ ಬರುತ್ತದೆ. ಹಾಗಾಗಿ ಹೊಸ ಎಣ್ಣೆಗೆ ಹಳೇ ಎಣ್ಣೆಯ ವೇಷ ಹಾಕಿ ಟ್ಯಾಂಕಿಗೆ ಇಳಿಸಿದರೆ ಅದೇ ನಮ್ಮ ಲೋಕದಲ್ಲಿ ಕಳ್ಳತನ.

"ಉಪ್ಪಿಲ್ಲದಿದ್ರೆ ಏನಾಯ್ತು ಮೇಡಂ?" ಕೇಳಿದೆ.

"ನಮ್ಮಮ್ಮ ಬಾಣಲೆ ಮುಂದೆ ನಿಂತೇ ನನ್ನನ್ನ ಓದಿಸಿದ್ದು. ಉಪ್ಪು ಹಾಕದೆ ಕರಿಯೋ ಅಡುಗೆಮನೆ ಯಾವುದಾದ್ರೂ ಇದೆಯಾ, ನೀವೇ ಹೇಳಿ. ಉಪ್ಪು ಎಣ್ಣೇಲಿ ಕರಗಲ್ಲ, ಚೂರಿನ ಒಳಗೇ ಕೂತಿರುತ್ತೆ. ಇದು ಯಾರೋ ತಿನ್ನೋದಕ್ಕೆ ಕರಿದದ್ದಲ್ಲ, ತೋರಿಸೋದಕ್ಕೆ ಕರಿದದ್ದು."

"ಮತ್ತೆ ನಮ್ಮ ಕಚೇರಿ ಲ್ಯಾಬ್‌ನೋರು ಎಣ್ಣೆ ಸರಿಯಾಗಿದೆ ಅಂದ್ರಲ್ಲ?"

"ಅವರು ನೋಡೋದು ತೊಳೆದ ಮೇಲಿನ ಎಣ್ಣೆ. ತೊಳೆದ ಎಣ್ಣೇಲಿ ಯಾವತ್ತೂ ಉಪ್ಪಿರಲ್ಲ. ಹುಳಿ, ಬಣ್ಣ, ವಾಸನೆ ಎಲ್ಲ ಪಕ್ಕಾ ಕೂಡಿಸಿದ್ದಾನೆ ಮಹಾರಾಯ. ಎಂಥ ಕೈ ರೀ ಅದು!"

ಕಳ್ಳನನ್ನು ಹೊಗಳುವ ಅಧಿಕಾರಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಈ ಗುಣಕ್ಕೇ ನಾನು ಅವರ ಹಿಂದೆ ಬಾಟಲಿ ಹೊತ್ತುಕೊಂಡು ತಿರುಗುವುದು.

ಅಷ್ಟರಲ್ಲಿ ಅಳಿಯಂದಿರು ಚಹಾ ಹಿಡಿದುಕೊಂಡು ಬಂದರು. ಅಳಿಯ ಅಂದರೆ ಕಾರ್ಖಾನೆಯ ಒಡತಿ ದೊಡ್ಡಮ್ಮನ ಮಗಳ ಗಂಡ. ಮಿರಿಮಿರಿ ಬೂಟು, ಕೈಯಲ್ಲಿ ಎರಡು ಫೋನು. ಹೊರಗಿನ ಊರುಗಳಿಂದ ಟ್ಯಾಂಕರ್ ತರಿಸುವುದು ಅವರ ಕೆಲಸ, ಆ ಟ್ಯಾಂಕರ್‌ಗಳು ಇಳಿಯುವುದು ಮೂರನೇ ಟ್ಯಾಂಕಿಗೆ. ಬಂದ ದಿನದಿಂದ ನನ್ನ ಅನುಮಾನವೆಲ್ಲ ಆ ಬೂಟಿನ ಮೇಲೇ ಇತ್ತು.

"ಮೇಡಂ, ಸಂಜೆ ಒಳಗೆ ಹೇಳ್ತೀನಿ ಅಂದಿದ್ರಿ. ಹೊರಗೆ ನೂರು ಜನ ಕೆಲಸಗಾರರು ಗೇಟ್ ನೋಡ್ಕೊಂಡು ಕೂತಿದ್ದಾರೆ. ಸೀಲ್ ಬೀಳುತ್ತಾ?"

"ನೋಡೋಣ. ಇತ್ತೀಚೆಗೆ ಹಳೇ ಎಣ್ಣೆ ಸರಿಯಾಗಿ ಸಿಗ್ತಿದೆಯಾ ನಿಮಗೆ?"

"ಎಲ್ಲಿ ಸಿಗುತ್ತೆ ಮೇಡಂ? ಎಲ್ಲರ ಕಣ್ಣೂ ಈಗ ಹಳೇ ಎಣ್ಣೆ ಮೇಲೇ. ಮುಂಚೆ ಸುಮ್ನೆ ಕೊಡ್ತಿದ್ದ ಹೋಟೆಲ್‌ನೋರು ಈಗ ನಖರಾ ಮಾಡ್ತಾರೆ. ನನ್ನ ಟ್ಯಾಂಕರ್‌ಗಳು ಅರ್ಧಂಬರ್ಧ ಬರ್ತವೆ." ಅಳಿಯ ಎದೆಯುಬ್ಬಿಸಿದರು. "ನನ್ನ ಹೆಂಡತಿ ಮಾತ್ರ ಗಟ್ಟಿಗಿತ್ತಿ. ಅವಳ ವ್ಯಾನ್ ಒಂದು ದಿನಾನೂ ಖಾಲಿ ಬಂದಿಲ್ಲ ನೋಡಿ."

ಆ ಮಾತು ನಿಜ. ಮಗಳನ್ನು ಮನೆಯವರೆಲ್ಲ ಪುಟ್ಟಿ ಅನ್ನುತ್ತಾರೆ. ತೋಳು ಮಡಚಿದ ಅಂಗಿ, ಸ್ಟಿಯರಿಂಗ್ ಮೇಲೆ ತಾಳ ಹಾಕುವ ಬೆರಳು. ದೊಡ್ಡಮ್ಮ ಮೊಟ್ಟಮೊದಲು ಹಿಡಿದ ಹಳೇ ಹೋಟೆಲುಗಳನ್ನು ಈಗ ಅವಳೇ ವ್ಯಾನಿನಲ್ಲಿ ಸುತ್ತಿ ಬರುತ್ತಾಳೆ, ಒಂದನೇ ಟ್ಯಾಂಕ್ ತುಂಬುವುದು ಅವಳ ಡಬ್ಬಿಗಳಿಂದಲೇ. ಗೇಟಿನಲ್ಲಿ ಎರಡು ಸಲ ಹಾರ್ನ್ ಹೊಡೆದರೆ ಅವಳು ಬಂದಳು ಅಂತ ಅರ್ಥ. ಮೊದಲ ದಿನವೇ ನನ್ನನ್ನು ಅಣ್ಣ ಅಂದು ಕರೆದು, ಮೇಡಂ ಗಾಡಿಯ ಚಕ್ರಕ್ಕೆ ಗಾಳಿ ಕಮ್ಮಿ ಇದೆ ಅಂತ ಬೈದು ಹೋಗಿದ್ದಳು.

ಮೇಡಂ ಚಹಾ ಮುಗಿಸಿ, ತಟ್ಟೆಯ ಕಸವನ್ನು ಮತ್ತೆ ಆಯಾ ಪೊಟ್ಟಣಕ್ಕೆ ಕಟ್ಟಿ ಜೇಬಿಗಿಟ್ಟುಕೊಂಡು ಎದ್ದರು. "ಲ್ಯಾಬ್‌ಗೆ ಹೋಗೋಣ."

"ಅಳಿಯಂದ್ರನ್ನ ಕೇಳೋದು ಬಿಟ್ಟು ಲ್ಯಾಬ್ ಯಾಕೆ ಮೇಡಂ?" ದಾರಿಯಲ್ಲಿ ಪಿಸುಗುಟ್ಟಿದೆ.

"ಅವರು ಕದಿಯೋಕೆ ಹೊರಟಿದ್ರೆ ಒಂದು ಮುಷ್ಟಿ ಉಪ್ಪು ಹಾಕಿ ಕೈ ತೊಳ್ಕೊಳ್ತಿದ್ರು. ಹೊರಗಿನ ಟ್ಯಾಂಕರ್‌ನೋರು ಮಾಡಿದ್ರೂ ಅಷ್ಟೇ. ಉಪ್ಪು ಎಲ್ಲಕ್ಕಿಂತ ಸಸ್ತಾ ಅಲ್ವಾ? ಗೊತ್ತಿದ್ದೂ ಬಿಟ್ಟಿದ್ದಾರೆ ಅಂದ್ರೆ, ಹಾಕೋಕೆ ಮನಸ್ಸು ಬಂದಿಲ್ಲ ಅಂತ ಅರ್ಥ. ಅಂಥ ಮನಸ್ಸು ಯಾರದ್ದು ಅಂತ ನೋಡಬೇಕು."

ಅಂಗಳ ದಾಟುವಾಗ ನಾನು ಯಾವತ್ತಿನ ಹಾಗೆ ಎರಡು ನಿಮಿಷ ನಿಂತೆ. ಜಿಡ್ಡು ಕಾರ್ಖಾನೆ ಅಂದರೆ ಯಾರಾದರೂ ಮೂಗು ಮುಚ್ಚಿಕೊಳ್ಳಬೇಕು. ಇಲ್ಲಿ ನೆಲದ ಮೇಲೆ ಊಟ ಮಾಡಬಹುದು. ಕೊಳವೆಗಳಿಗೆ ಬಣ್ಣ, ಪ್ರತಿ ತಿರುಪಿಗೂ ಒಂದು ಚೀಟಿ, ತೊಳೆಯುವ ತೊಟ್ಟಿಯ ಸುತ್ತ ಒಂದು ಹನಿ ಸುರಿದಿಲ್ಲ. ಆಚೆ ಕೊನೆಯಲ್ಲಿ ನಗರದ ಬಸ್ಸುಗಳು ಸಾಲಾಗಿ ನಿಂತು ಡೀಸೆಲ್ ಕುಡಿಯುತ್ತಿದ್ದವು. ಅವುಗಳ ಹಿಂದೆ ನಿಂತರೆ ಮೊದಲಿನ ಹಾಗೆ ಗಂಟಲು ಕಟ್ಟುವುದಿಲ್ಲ.

ಇಷ್ಟೆಲ್ಲ ಕಟ್ಟಿದ್ದು ದೊಡ್ಡಮ್ಮ. ಗಂಡ ಹೋದ ಮೇಲೆ ತಳ್ಳುಗಾಡಿಯಲ್ಲಿ ಖಾಲಿ ಡಬ್ಬಿ ಇಟ್ಟುಕೊಂಡು ಹೋಟೆಲುಗಳ ಹಿಂಬಾಗಿಲಲ್ಲಿ ನಿಂತವರು. ಆಗ ಅವರನ್ನು ಜಿಡ್ಡಮ್ಮ ಅಂತ ಆಡಿಕೊಂಡವರೇ ಈಗ ದೊಡ್ಡಮ್ಮ ಅನ್ನುತ್ತಾರೆ. ಇವತ್ತು ಸಂಜೆ ಮೋಸ ಅಂತ ಸಾಬೀತಾದರೆ ಕಾರ್ಖಾನೆಯ ಲೈಸೆನ್ಸ್ ರದ್ದಾಗುತ್ತದೆ, ಆ ಬಸ್ಸುಗಳು ಮತ್ತೆ ಕರಿ ಹೊಗೆಯ ಡೀಸೆಲ್ಲಿಗೆ ಹೋಗುತ್ತವೆ.

ಲ್ಯಾಬಿನಲ್ಲಿ ಮಾವ ಒಬ್ಬರೇ ಇದ್ದರು. ದೊಡ್ಡಮ್ಮನ ತಮ್ಮ. ಪುಟ್ಟಿಗೆ ಮಾವ ಆದ್ದರಿಂದ ಇಡೀ ಕಾರ್ಖಾನೆಗೇ ಮಾವ. ತೆಳ್ಳನೆ ಮನುಷ್ಯ, ಅಂಗಿಯ ಜೇಬಿಗೊಂದು ಬಿಳಿ ಕರವಸ್ತ್ರ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಶೀಶೆಗಳನ್ನು ಕಪ್ಪಿನಿಂದ ತಿಳಿಯವರೆಗೆ ಸಾಲಾಗಿ ಜೋಡಿಸಿಟ್ಟಿದ್ದರು, ಎಣ್ಣೆ ಡೀಸೆಲ್ ಆಗುವ ದಾರಿಯೆಲ್ಲ ಅದರಲ್ಲಿ ಕಾಣುತ್ತಿತ್ತು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಆ ಸ್ಟೂಲ್ ಅಲ್ಲ, ಅದು ಕುಂಟುತ್ತೆ."

ಮೇಡಂ ಕೂರಲಿಲ್ಲ. ಗೋಡೆಯ ಹಲಗೆಯ ಮೇಲಿದ್ದ ಒಂದು ಕೊಳವೆಯ ತುಂಡನ್ನು ಎತ್ತಿಕೊಂಡರು. ಉಕ್ಕಿನದು, ಒಳಗೆಲ್ಲ ತೂತು, ಗೆದ್ದಲು ತಿಂದ ಮರದ ಹಾಗೆ.

"ಇದೇನು ಸರ್, ಇಷ್ಟು ಜೋಪಾನ ಮಾಡಿದ್ದೀರಿ?"

ಮಾವನ ಕಣ್ಣು ಹೊಳೆಯಿತು. "ಅದು ನಮ್ಮ ಮೊದಲನೇ ವರ್ಷದ ಪೈಪ್. ಉಪ್ಪು ತಿಂದು ಹಾಕಿದ್ದು ಮೇಡಂ. ನಮಗೆ ಎಣ್ಣೆ ಕೊಳೆ ಇದ್ರೂ ಪರವಾಗಿಲ್ಲ, ಹಳಸಿದ್ರೂ ಪರವಾಗಿಲ್ಲ. ಉಪ್ಪು ಮಾತ್ರ ಒಂದು ಚೂರೂ ಒಳಗೆ ಹೋಗಬಾರದು. ಪೈಪ್ ತಿನ್ನುತ್ತೆ, ಪಂಪ್ ತಿನ್ನುತ್ತೆ, ಒಳಗಿನ ಮಸಾಲೇನೂ ಸಾಯಿಸುತ್ತೆ."

"ಮಸಾಲೆ?"

"ಎಣ್ಣೇನ ಡೀಸೆಲ್ ಮಾಡೋ ಕಾಳುಗಳಿರ್ತಾವಲ್ಲ, ಅವನ್ನ ನಾವು ಹಾಗೇ ಅನ್ನೋದು. ಅದಕ್ಕೇ ನಾಲ್ಕು ಸಲ ತೊಳೀತೀನಿ. ಬೇರೆ ಕಡೆ ಎರಡೇ ಸಲ." ಮಾವ ನಾಚಿಕೆಯಿಂದ ನಕ್ಕರು. "ಮನೇಲಿ ಊಟಕ್ಕೆ ಕೂತಾಗ ಯಾರಾದ್ರೂ ಉಪ್ಪು ಮುಂದಿಟ್ರೆ ಕೈ ತಾನಾಗೇ ಹಿಂದೆ ಬರುತ್ತೆ. ಪುಟ್ಟಿ ಆಡ್ಕೊಳ್ತಾಳೆ, 'ಮಾವ, ನಿನ್ನ ಹೊಟ್ಟೆ ಪೈಪಲ್ಲ, ಹಾಕ್ಕೋ' ಅಂತ."

ನಾನೂ ನಕ್ಕೆ. ಮೇಡಂ ನಗಲಿಲ್ಲ. ಒಂದು ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು.

"ಸರ್, ಹೊಸ ಎಣ್ಣೇನ ಹಳೇದರ ಹಾಗೆ ಕಾಣಿಸಬೇಕು ಅಂತ ಯಾರಾದ್ರೂ ಹೊರಟ್ರೆ ಏನು ಮಾಡ್ತಾರೆ?"

"ಕುದಿಸ್ತಾರೆ. ನೀರು ಚಿಮುಕಿಸಿ ಮತ್ತೆ ಕುದಿಸ್ತಾರೆ." ಉತ್ತರ ಥಟ್ಟನೆ ಬಂತು. ಆಮೇಲೆ ದನಿ ನಿಧಾನವಾಯಿತು. "ಹಿಟ್ಟಿನ ಚೂರು ಹಾಕಿ ಕರೀತಾರೆ."

"ಉಪ್ಪು?"

ಮಾವ ಕರವಸ್ತ್ರ ತೆಗೆದರು. ಮುಖ ಒರೆಸಲಿಲ್ಲ, ಸುಮ್ಮನೆ ಮಡಿಕೆ ಬಿಚ್ಚಿ ಮತ್ತೆ ಮಡಿಸಿದರು.

"ಎಲ್ಲರೂ ಹಾಕ್ತಾರೆ ಸರ್. ಈ ಪೈಪ್ ತುಂಡನ್ನ ಇಷ್ಟು ವರ್ಷ ಕಣ್ಣೆದುರು ಇಟ್ಟುಕೊಂಡವರೊಬ್ಬರೇ ಹಾಕಲ್ಲ. ಇದು ಯಾವ ಯಂತ್ರಕ್ಕೂ ಸಿಗದ ಕೆಲಸ. ನಿಮ್ಮ ಕೈಗೆ ನಾನು ನಮಸ್ಕಾರ ಮಾಡ್ತೀನಿ. ಆದ್ರೆ ನಿಮ್ಮ ಕೈ ಸುಳ್ಳಿಗೂ ಈ ಫ್ಯಾಕ್ಟರಿಗೆ ಉಪ್ಪು ಹಾಕಲಿಲ್ಲ."

ಶೀಶೆಗಳ ಹಿಂದಿನ ಬಿಸಿಲು ಮಾವನ ಅಂಗಿಯ ಮೇಲೆ ಹಳದಿಯಾಗಿ ಬಿದ್ದಿತ್ತು.

"ಗೋದಾಮಿನ ಹಿಂದೆ ಹಳೇ ಕೊಪ್ಪರಿಗೆ ಇದೆ," ಅಂದರು ಮಾವ. "ಅಲ್ಲೇ ಕುದಿಸಿದ್ದು. ಭಾನುವಾರ ಯಾರೂ ಇರಲ್ಲ. ಅಳಿಯಂದ್ರಿಗೆ ಗೊತ್ತಿಲ್ಲ, ಅವರ ಟ್ಯಾಂಕರ್ ಅರ್ಧ ಬರ್ತಿತ್ತು, ಉಳಿದರ್ಧ ನಾನು ತುಂಬಿಸ್ತಿದ್ದೆ. ಮೂರನೇ ಟ್ಯಾಂಕ್ ಅಷ್ಟೇ."

"ಯಾಕೆ ಸರ್?"

"ಫ್ಯಾಕ್ಟರಿ ತಣ್ಣಗಾಗ್ತಿತ್ತು ಮೇಡಂ! ಒಂದು ಸಲ ನಿಂತ್ರೆ ಮತ್ತೆ ಬಿಸಿಯಾಗೋದು ಸುಮ್ನೆ ಅಲ್ಲ. ಬಸ್‌ಗಳು ಹೋಗಿಬಿಡ್ತಿದ್ವು. ನೀವೇ ಹೇಳಿ, ಅವು ಕರಿ ಹೊಗೆ ಬಿಟ್ಕೊಂಡು ತಿರುಗೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?"

ಒಂದು ಕ್ಷಣ ನನಗೂ ಹೌದಲ್ಲ ಅನ್ನಿಸಿತು. ಬಾಯಿ ಬಿಡದೆ ಸುಮ್ಮನಿದ್ದದ್ದು ದೊಡ್ಡದು.

"ಹೊಗೆ ಇಲ್ಲಿ ಕಾಣಲ್ಲ ಸರ್, ಅಷ್ಟೇ," ಅಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹೊಸ ಎಣ್ಣೆಗೆ ಅಂತ ಎಲ್ಲೋ ಒಂದು ಕಾಡಿಗೆ ಬೆಂಕಿ ಬೀಳುತ್ತೆ. ಆ ಹೊಗೇನ ಕೂಡ ಲೆಕ್ಕಕ್ಕೆ ತಗೋಬೇಕು ಅಂತಲೇ ಈ ಕಾಯ್ದೆ ಬಂದದ್ದು. ನಮ್ಮ ಊರಿನ ಬಸ್ ಮಾತ್ರ ಚೆನ್ನಾಗಿರಲಿ ಅಂತಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

"ಗೊತ್ತು." ಮಾವ ಸ್ಟೂಲಿನ ಮೇಲೆ ಕುಸಿದರು. ಕುಂಟುವ ಸ್ಟೂಲೇ ಅದು, ಒಂದು ಕಡೆ ವಾಲಿತು. "ಮೇಡಂ, ನನಗೆ ಏನು ಬೇಕಾದ್ರೂ ಮಾಡಿ. ಅಕ್ಕನಿಗೆ ಮಾತ್ರ ಹೇಳಬೇಡಿ. ತಳ್ಳುಗಾಡಿ ತಳ್ಳಿದವಳು ಅವಳು. ನಾನು ಮಾಡಿದ್ದು ಅಂತ ಗೊತ್ತಾದ್ರೆ ಅವಳ ಜೀವ ನಿಲ್ಲಲ್ಲ."

"ಗೊತ್ತು ಕಣೋ."

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಯಾವಾಗ ಬಂದರೋ ನನಗೆ ಕಾಣಲಿಲ್ಲ. ಮೇಡಂಗೆ ಕಂಡಿತ್ತು ಅಂತ ಕಾಣುತ್ತದೆ, ಅವರು ತಿರುಗಿ ಕೂಡ ನೋಡಲಿಲ್ಲ.

"ಫೋನ್ ಮಾಡಿದ್ದು ನಾನೇ," ಅಂದರು ದೊಡ್ಡಮ್ಮ.

ಮಾವ ಎದ್ದು ನಿಂತರು, ಸ್ಟೂಲ್ ಉರುಳಿ ಬಿತ್ತು. ನಾನು ಬಗ್ಗಿ ಅದನ್ನು ಎತ್ತಿಟ್ಟೆ, ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ. ತನ್ನ ಕೈಯಾರೆ ಕಟ್ಟಿದ ಕಾರ್ಖಾನೆಯ ಮೇಲೆ ತಾನೇ ದೂರು ಕೊಟ್ಟ ಹೆಂಗಸು ಅವರು. ಹೆಸರಿಲ್ಲದ ಆ ದನಿಯನ್ನು ನಾನು ಇಡೀ ವಾರ ಬೇರೆಲ್ಲೆಲ್ಲೋ ಹುಡುಕಿದ್ದೆ.

"ನನಗೆ ಅನುಮಾನ ಇತ್ತು ದೊಡ್ಡಮ್ಮ," ಅಂದರು ಮೇಡಂ. "ಫೋನಿನಲ್ಲಿ ನೀವು 'ಅಡುಗೆಮನೆ ಕಂಡ ಎಣ್ಣೆ' ಅಂದ್ರಿ. ಎಣ್ಣೆ ಬಗ್ಗೆ ಮನುಷ್ಯರ ಬಗ್ಗೆ ಹೇಳೋ ಹಾಗೆ ಮಾತಾಡೋರು ಇಲ್ಲಿ ನೀವೊಬ್ಬರೇ. ನಿಮಗೆ ಹೇಗೆ ಗೊತ್ತಾಯ್ತು?"

ದೊಡ್ಡಮ್ಮ ಎರಡೂ ಅಂಗೈ ಮುಂದೆ ಚಾಚಿದರು. ಬೆರಳ ತುದಿಯಲ್ಲೆಲ್ಲ ಬಿರುಕು, ಹಳೆಯವು, ಎಂದೂ ಮಾಯದವು.

"ಜರಡಿ ಕಸ ಕೈಯಲ್ಲಿ ಉಜ್ಜಿ ನೋಡೋದು ನನ್ನ ಚಾಳಿ ಕಣಮ್ಮ. ತಳ್ಳುಗಾಡಿ ಕಾಲದಿಂದ. ಅಡುಗೆಮನೆ ಕಸ ಆದ್ರೆ ಈ ಬಿರುಕಿಗೆ ಚುರ್ ಅಂತ ಉರಿಯುತ್ತೆ. ಮೂರನೇ ಟ್ಯಾಂಕಿನದ್ದು ಉರೀಲಿಲ್ಲ. ಆವತ್ತೇ ತಿಳೀತು, ಇದು ಇವನ ಕೆಲಸ ಅಂತ."

"ಅಕ್ಕಾ, ನನ್ನನ್ನೇ ಕೇಳಬಹುದಿತ್ತಲ್ಲ!"

"ಕೇಳಿದ್ರೆ ನೀನು ಹೇಳ್ತಿದ್ದೆ. ನಾನು ಬೈದು, ಅತ್ತು, ಸುಮ್ಮನಾಗ್ತಿದ್ದೆ. ಆಮೇಲೆ ನಾವಿಬ್ರೂ ಕಳ್ಳರು." ದೊಡ್ಡಮ್ಮ ಕಿಟಕಿಯಾಚೆ ಕೈ ತೋರಿಸಿದರು. "ನಮ್ಮ ಬಸ್ ಹಿಂದೆ ಮಕ್ಕಳು ಸ್ಕೂಲಿಗೆ ನಡ್ಕೊಂಡು ಹೋಗ್ತಾವೆ. ಜಿಡ್ಡಮ್ಮನ ಬಸ್ ಅಂತ ಅಂದ್ರೂ ಪರವಾಗಿಲ್ಲ, ಮೋಸದ ಬಸ್ ಅನ್ನಬಾರದು."

ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಸರ್ಕಾರಿ ಗಾಡಿ ಓಡಿಸುತ್ತ ನಾನು ಎಷ್ಟೋ ದೊಡ್ಡವರನ್ನು ಹತ್ತಿರದಿಂದ ನೋಡಿದ್ದೇನೆ. ದೊಡ್ಡವರು ಅಂದರೆ ಹೀಗಿರಬೇಕು ಅಂತ ಅನ್ನಿಸಿದ್ದು ಆವತ್ತೇ.

ದೊಡ್ಡಮ್ಮ ಸೊಂಟದಿಂದ ಬೀಗದ ಕೈ ತೆಗೆದು ಮೇಡಂ ಮುಂದೆ ಹಿಡಿದರು. "ಹಾಕಮ್ಮ, ಸೀಲ್ ಹಾಕು."

ಮೇಡಂ ಬೀಗದ ಕೈ ತೆಗೆದುಕೊಳ್ಳಲಿಲ್ಲ. "ದೊಡ್ಡಮ್ಮ, ಕಾಯ್ದೇಲಿ ಒಂದು ಮಾತಿದೆ. ಯಾರೂ ಹಿಡಿಯೋ ಮುಂಚೆ ತಾವಾಗೇ ಬಂದು ಹೇಳಿದವರ ಲೈಸೆನ್ಸ್ ಹೋಗಲ್ಲ. ಹೇಳಿದ ಟ್ಯಾಂಕಿನ ಅಂಕ ಮಾತ್ರ ಹೋಗುತ್ತೆ, ದಂಡ ಬೀಳುತ್ತೆ. ಫೋನ್ ಮಾಡಿದ್ದು ನೀವು. ಹಾಗಾಗಿ ನೀವು ಹೇಳಿದವರೇ ಆದ್ರಿ."

"ಅಂದ್ರೆ... ಫ್ಯಾಕ್ಟರಿ?"

"ಉಳಿಯುತ್ತೆ. ನೀವು ಹೇಳಿದ್ದು ಪೂರ್ತಿ ಆಗಿದ್ರೆ."

ಮಾವ ಮಗುವಿನ ಹಾಗೆ ಅತ್ತುಬಿಟ್ಟರು. ದೊಡ್ಡಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು ಕಿಟಕಿಯಾಚೆಯ ಬಸ್ಸುಗಳನ್ನು ನೋಡಿದರು. ನನಗಂತೂ ಓಡಿಹೋಗಿ ಗೇಟಿನಲ್ಲಿದ್ದ ಕೆಲಸಗಾರರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು. ಬಾಗಿಲ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟಿದ್ದೆ.

"ನಿಂತ್ಕೊಳ್ಳಿ," ಅಂದರು ಮೇಡಂ.

ಜೇಬಿನಿಂದ ಎರಡನೇ ಪೊಟ್ಟಣ ತೆಗೆದು ಮೊದಲನೆಯದರ ಪಕ್ಕದಲ್ಲಿ ಬಿಚ್ಚಿದರು. ಅದರ ಮೇಲೆ ನನ್ನದೇ ಕೈಬರಹ ಇತ್ತು: ಒಂದನೇ ಟ್ಯಾಂಕ್.

"ಇದರಲ್ಲೂ ಉಪ್ಪಿಲ್ಲ," ಅಂದರು.

ಬೆಳಿಗ್ಗೆ ಅವರು ಎರಡೂ ಗುಪ್ಪೆ ಬಾಯಿಗೆ ಹಾಕಿಕೊಂಡ ಮೇಲೆ ಒಂದೇ ಒಂದು ಮಾತು ಹೇಳಿದ್ದು ನನಗೆ ಆಗ ನೆನಪಾಯಿತು. ಯಾವುದರಲ್ಲಿ ಉಪ್ಪಿಲ್ಲ ಅಂತ ನಾನು ಕೇಳಿರಲಿಲ್ಲ.

"ಸಾಧ್ಯವೇ ಇಲ್ಲ!" ಮಾವ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಮುಂದೆ ಬಂದರು. "ಅಕ್ಕನ ಆಣೆ ಮೇಡಂ, ಒಂದನೇ ಟ್ಯಾಂಕನ್ನ ನಾನು ಮುಟ್ಟಿಲ್ಲ. ಅದು ಅವಳ ಹಳೇ ಹೋಟೆಲ್‌ಗಳದ್ದು. ಅದನ್ನ ಹೇಗೆ ಮುಟ್ಟಲಿ?"

"ನಂಬ್ತೀನಿ ಸರ್. ನಿಮ್ಮ ಚೂರು ಒಂದೇ ಅಳತೆಯವು, ಚಾಕುವಿನಲ್ಲಿ ಕತ್ತರಿಸಿದ್ದು. ಇವು ಕೈಯಲ್ಲಿ ಮುರಿದವು. ಇದನ್ನ ಕರಿದದ್ದು ಬೇರೆ ಕೈ."

ದೊಡ್ಡಮ್ಮ ಮೇಜಿನ ಹತ್ತಿರ ಬಂದರು. ಆ ಕಪ್ಪು ಚೂರುಗಳನ್ನು ಒಂದು ಹಿಡಿ ಎತ್ತಿ, ಬಿರುಕುಬಿಟ್ಟ ಬೆರಳುಗಳ ನಡುವೆ ಉಜ್ಜಿದರು. ಕಾದರು. ಮತ್ತೆ ಉಜ್ಜಿದರು, ಈ ಸಲ ಜೋರಾಗಿ, ಹೇಗಾದರೂ ಉರಿಯಲಿ ಅನ್ನುವ ಹಾಗೆ.

"ಒಂದನೇದನ್ನ ನಾನು ನೋಡಲೇ ಇಲ್ಲ," ಅಂದರು. "ನಮ್ಮದೇ ಅಲ್ವಾ ಅಂತ."

ಮೇಡಂ ಮಾವನ ಕಡೆ ತಿರುಗಿದರು. ಅಷ್ಟು ಮೆಲ್ಲಗೆ ಅವರು ಯಾರನ್ನೂ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

"ಸರ್, ಈ ಫ್ಯಾಕ್ಟರಿಗೆ ಉಪ್ಪು ಹಾಕಬಾರದು ಅಂತ ನೀವು ಯಾವ ಮಗುವಿಗೆ ಹೇಳಿಕೊಟ್ಟು ಬೆಳೆಸಿದ್ರಿ?"

ಮಾವ ಅಕ್ಕನ ಮುಖ ನೋಡಿದರು. ದೊಡ್ಡಮ್ಮನ ಕೈ ಬೀಗದ ಕೈಯ ಮೇಲೆ ಗಟ್ಟಿಯಾಗಿ ಮುಚ್ಚಿಕೊಂಡಿತು.

ಗೇಟಿನಲ್ಲಿ ಹಾರ್ನ್ ಎರಡು ಸಲ ಹೊಡೆಯಿತು. ವ್ಯಾನ್ ಅಂಗಳಕ್ಕೆ ತಿರುಗಿದ ಸದ್ದು, ಬಾಗಿಲು ತೆರೆದ ಸದ್ದು, ಆಮೇಲೆ ನಗು ತುಂಬಿದ ಆ ಪರಿಚಿತ ದನಿ:

"ಅಮ್ಮಾ! ಇವತ್ತೂ ಡಬ್ಬಿ ಎಲ್ಲಾ ಫುಲ್!"